ಸೇರಿನ ಮಾರಿ ಯಾವ ಕಡಿ?

ಮೊನ್ನೆ ಕಣ್ಣು ತೋರಿಸಿಕೊಳ್ಳಲು ಹೋಗಿದ್ದೆ. ಕತ್ತಲೆ ಕೋಣೆಯೊಳಗೆ ನನ್ನನ್ನು ಎತ್ತರದ ಸ್ಟೂಲಿನ ಮೇಲೆ ಕೂಡಿಸಿ, ಗದ್ದವನ್ನು ಒಂದು ಯಂತ್ರದ ಮೇಲೆ ಇಡಿಸಿ, ನನ್ನ ಮಗನಿಗಿಂತ ಚಿಕ್ಕ ವಯಸ್ಸಿನ ಡಾಕ್ಟರು "ಅಮ್ಮಾ, ಎಡಕ್ಕೆ ನೋಡಿ" ಎಂದರು. ನಾನು ನೋಡಲಿಲ್ಲ. ಹಟದಿಂದಲ್ಲ, ಎಡ ಎಲ್ಲಿದೆ ಎಂದು ಹುಡುಕುತ್ತಿದ್ದೆ. ಅವರು ಇನ್ನೊಮ್ಮೆ ಹೇಳಿದರು. ಗಡಿಬಿಡಿಯಲ್ಲಿ ಬಲಕ್ಕೆ ನೋಡಿದೆ. "ಅದಲ್ಲಮ್ಮಾ, ಎಡಕ್ಕೆ" ಎಂದಾಗ ತಡೆಯಲಾರದೆ ಕೇಳಿಯೇಬಿಟ್ಟೆ: "ಇಲ್ಲಿ ಮೂಡಲ ಯಾವ ಕಡಿ ಬರ್ತೈತ್ರಿ?"

ಡಾಕ್ಟರು ಯಂತ್ರದ ಆಚೆಯಿಂದ ಮುಖ ಹೊರಗೆ ಹಾಕಿ ನನ್ನನ್ನು ನೋಡಿದರು. ಆ ನೋಟ ನನಗೆ ಗೊತ್ತು. ಕಣ್ಣಿನ ಜತೆಗೆ ತಲೆಯನ್ನೂ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು ಎನ್ನುವ ನೋಟ. ನಾನು ನಿವೃತ್ತಳಾಗುವ ತನಕ ಸಾಲಿ ಮಕ್ಕಳಿಗೆ ಇಂಗ್ಲಿಷಿನಲ್ಲಿ ಲೆಫ್ಟು ರೈಟು ಕಲಿಸಿದವಳು ಎಂದು ಅವರಿಗೆ ಹೇಳಬೇಕೆಂದುಕೊಂಡೆ. ಹೇಳಿದ್ದರೆ ನೋಟ ಇನ್ನೂ ಗಟ್ಟಿಯಾಗುತ್ತಿತ್ತು. ಸುಮ್ಮನೆ ಅವರು ತೋರಿಸಿದ ಬೆರಳನ್ನು ನೋಡಿ ಬಂದೆ.

ನೀವು ತೆಂಕಣ ಸೀಮೆಯವರಾದರೆ ನಗುತ್ತೀರಿ. ವಿಜಾಪುರ ಕಡೆಯವರಾದರೆ ನಗುವ ಮೊದಲು ಒಮ್ಮೆ ಸೂರ್ಯ ಎಲ್ಲಿದ್ದಾನೆಂದು ನೋಡಿಕೊಳ್ಳುತ್ತೀರಿ. ನಮ್ಮಲ್ಲಿ ಎಡ ಬಲಗಳಿರುವುದು ಕೈಗಳಿಗೆ, ಕಾಲುಗಳಿಗೆ, ನೊಗಕ್ಕೆ ಕಟ್ಟಿದ ಎತ್ತುಗಳಿಗೆ. ಉಳಿದಂತೆ ಜಗತ್ತಿನ ವಸ್ತುಗಳೆಲ್ಲ ಮೂಡಲಕ್ಕೋ ಪಡುವಲಕ್ಕೋ ತೆಂಕಲಕ್ಕೋ ಬಡಗಲಕ್ಕೋ ಇರುತ್ತವೆ. "ಕೊಡ ಒಂಚೂರು ಬಡಗಲಕ್ಕ ಸರಸು." "ಗ್ವಾಡಿ ಪಡುವಲ ಮೂಲ್ಯಾಗ ಕಸಬರಿಗಿ ಐತಿ ನೋಡು." ಉಣ್ಣಲು ಸಾಲಾಗಿ ಕೂತಾಗ ಬಡಿಸುವವರು "ತೆಂಕಲಕ್ಕ ಸ್ವಲ್ಪ ಸರೀರಿ" ಎಂದರೆ ಇಡೀ ಪಂಕ್ತಿ ಒಂದೇ ಕಡೆ ಸರಿಯುತ್ತದೆ. ಯಾರೂ ಯಾರ ಮೇಲೂ ಬೀಳುವುದಿಲ್ಲ.

ಒಮ್ಮೊಮ್ಮೆ ಫಜೀತಿಯೂ ಆಗುತ್ತಿತ್ತು ಅನ್ನಿ. ನನ್ನ ಮಾವನವರಿಗೆ ಒಮ್ಮೆ ಕಿವಿನೋವು ಬಂದು ಮುದ್ದೇಬಿಹಾಳಕ್ಕೆ ಹೋಗಿ ಒಬ್ಬ ಡಾಕ್ಟರಿಗೆ ತೋರಿಸಿದರಂತೆ. ಯಾವ ಕಿವಿ ಎಂದು ಕೇಳಿದ್ದಕ್ಕೆ "ತೆಂಕಲ ಕಡೀದ್ರಿ" ಎಂದಿದ್ದಾರೆ. ಡಾಕ್ಟರೂ ಅದೇ ಸೀಮೆಯವರು, ತಿಳಿಯಿತು. ಆದರೆ ಬೆಳಕು ಸಾಲದೆಂದು ಮಾವನವರನ್ನು ಕಿಟಕಿಯ ಕಡೆ ಹೊರಳಿಸಿ ಕೂಡಿಸಿ, ಆಮೇಲೆ ತೆಂಕಲಕ್ಕಿದ್ದ ಕಿವಿಗೆ ಔಷಧ ಹಾಕಿ ಕಳಿಸಿದರು. ಊರಿಗೆ ಬಂದ ಮೇಲೂ ನೋವು ಕಡಿಮೆಯಾಗಲಿಲ್ಲ. ಯಾಕೆ ಎಂದು ನಮ್ಮವರು ಕೇಳಿದರೆ ಮಾವ, "ಡಾಕ್ಟರ್ ನಾ ಹೇಳಿದ ಕಿವಿಗೇ ಹಾಕ್ಯಾರಪ, ನನ್ನ ಕಿವೀನ ಜಾಗಾ ಬಿಟ್ಟಿತ್ತು" ಎಂದರಂತೆ. ಇದು ನಮ್ಮವರು ಹೇಳಿದ್ದು. ಅವರು ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳುವವರು.

ಕಣ್ಣಿನ ಡಾಕ್ಟರ ಹತ್ತಿರದಿಂದ ಮನೆಗೆ ಬಂದು ಹಳೆಯ ಚಷ್ಮಾ ಹುಡುಕಿದೆ. ಅದು ಎಂದಿನಂತೆ ಕಪಾಟಿನಲ್ಲಿ ಸೇರಿನ ಹಿಂದೆ ಇತ್ತು. ಸೇರು ಎಂದರೆ ಜೋಳ ಅಳೆಯುವ ಹಿತ್ತಾಳೆ ಸೇರು, ನನ್ನ ಅತ್ತೆಯದು. ಈಗ ಅದರೊಳಗೆ ನನ್ನ ಗುಳಿಗೆಗಳಿರುತ್ತವೆ. ಸೇರಿನ ಹಿಂದೆ ಎಂದು ಈಗ ಎಷ್ಟು ಸಲೀಸಾಗಿ ಬರೆದೆ ನೋಡಿ. ಸೇರಿಗೂ ಒಂದು ಹಿಂದು ಮುಂದು ಉಂಟೆಂದು ಒಪ್ಪಿಸಲು ಒಂದು ಕಾಲದಲ್ಲಿ ನಾನು ಪಟ್ಟ ಪಾಡು ದೇವರಿಗೇ ಗೊತ್ತು.

ನನ್ನ ತವರು ತಾಳಿಕೋಟೆ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಗೊಳಸಂಗಿಯ ಒಕ್ಕಲುತನದ ಮನೆಗೆ ಸೊಸೆಯಾಗಿ ಬಂದೆ. ಬರುವಾಗ ಬೆಳ್ಳಿಯ ಕಾಲುಂಗುರದ ಜತೆ ಒಂದು ನಪಾಸನ್ನೂ ತಂದಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ವಿಷಯಗಳೂ ದಾಟಿ ಇಂಗ್ಲಿಷಿನಲ್ಲಿ ಕಾಲು ಜಾರಿತ್ತು. ನನಗೆ ಅಕ್ಕೋರಾಗಬೇಕೆಂಬ ಹುಚ್ಚು. ತಾಳಿಕೋಟೆಯ ನಮ್ಮ ಸಾಲಿಯಲ್ಲಿ ಒಬ್ಬ ಅಕ್ಕೋರಿದ್ದರು. ಅವರು ಕುರ್ಚಿಯ ಮೇಲೆ ಕೂತು ಸೀರೆಯ ನಿರಿಗೆ ಸರಿಪಡಿಸಿಕೊಂಡು ಹಾಜರಿ ಕರೆಯುವ ಠೀವಿಗೆ ನಾನು ಎರಡನೆಯ ಇಯತ್ತೆಯಲ್ಲೇ ಮನಸೋತಿದ್ದೆ. ಆ ಕುರ್ಚಿಗೂ ನನಗೂ ನಡುವೆ ಈಗ ಇಂಗ್ಲಿಷು ಅಡ್ಡ ಮಲಗಿತ್ತು. ಪಾಸಾದರೆ ಶಿಕ್ಷಕರ ಟ್ರೇನಿಂಗಿಗೆ ಹೋಗಬಹುದು. ಇಲ್ಲವಾದರೆ ಬಾಳಿಡೀ ಸೆಗಣಿ ಸಾರಣೆ. ಸಾರಣೆ ಕೆಟ್ಟದೆಂದು ನಾನು ಹೇಳುತ್ತಿಲ್ಲ, ನನ್ನ ಮನಸ್ಸು ಅಲ್ಲಿರಲಿಲ್ಲ ಅಷ್ಟೆ.

ಮದುವೆಯಾಗಿ ಕೆಲವು ತಿಂಗಳಿಗೆ ಧೈರ್ಯ ಮಾಡಿ ನಮ್ಮವರ ಮುಂದೆ ಬಾಯಿಬಿಟ್ಟೆ. ಅವರು ಅವ್ವನ ಮುಂದೆ ಬಿಟ್ಟರು. ಅತ್ತೆ ರಾತ್ರಿ ಊಟಕ್ಕೆ ಬಡಿಸುತ್ತ ಮಾವನವರ ಮುಂದೆ ಮಾತು ತೆಗೆದರು.

"ಗಿರಿಜಾ ಪರೀಕ್ಷಾ ಕಟ್ತಾಳಂತ. ಕಟ್ಲಿ."

"ಪಾಸಾದ್ರ ಮಾಸ್ತರಕಿ ಮಾಡಾಕ ಹೊಕ್ಕಾಳ. ಮನಿ ಕೆಲಸ?"

"ಒಂದ ಮನ್ಯಾಗ ಇಬ್ರು ಹೆಂಗಸರು ಒಂದ ಕೆಲಸಕ್ಕ ಜಗಳಾಡೂದಕ್ಕಿಂತ ಒಬ್ಬಾಕಿ ಹೊರಗ ಹೋದ್ರ ಬೇಷಲ್ರಿ. ನಾ ಅದೇನಿ ಮನಿಗೆ."

ಮಾವ ಇನ್ನೊಂದು ರೊಟ್ಟಿ ಮುರಿದು ಉಂಡು ಮುಗಿಸಿದರು. ಅವರು ಕೆಟ್ಟವರಲ್ಲ, ಮಾತು ಕಡಿಮೆ. ಕೊನೆಗೆ, "ಒಮ್ಮಿ ಕಟ್ಲಿ. ಆಗಲಿಲ್ಲಂದ್ರ ಮತ್ತ ಆ ಮಾತು ಈ ಮನ್ಯಾಗ ಬರಬಾರ್ದು" ಎಂದು ಕೈತೊಳೆದರು. ಅತ್ತೆ ನನ್ನ ಕಡೆ ತಿರುಗಿ, "ಕೇಳಿದಿಲ್ಲ? ಇನ್ನ ನಿನ್ನ ಮರ್ಯಾದಿ ಅಲ್ಲ, ನಂದು" ಎಂದರು. ನನಗೆ ಅಂದು ನಿದ್ದೆ ಹತ್ತಲಿಲ್ಲ.

ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಓದಿಸುವುದೆಂದರೆ ಎಮ್ಮೆ ಹಿಂಡಿದಷ್ಟೇ ನಿಯಮದ ಕೆಲಸವೆಂದು ಅವರು ತಿಳಿದಿದ್ದರು. ಸಂಜೆಯ ಕೆಲಸ ಒಂದು ಹದಕ್ಕೆ ಬಂದ ಮೇಲೆ, ದೀಪ ಹಚ್ಚುವುದಕ್ಕೆ ಮೊದಲು, ಪಡಸಾಲೆಯಲ್ಲಿ ಪಾಠ. "ಓದೂದು ಮೂಡಲಕ್ಕ ಮಾರಿ ಮಾಡೇ ಓದಬೇಕು" ಎಂದು ನನ್ನನ್ನು ಹಿತ್ತಲ ಬಾಗಿಲಿಗೆ ಬೆನ್ನು ಮಾಡಿ ಕೂಡಿಸಿದರು. ಮಾರಿ ಎಂದರೆ ನಮ್ಮಲ್ಲಿ ಮುಖ. ತಾವು ನನ್ನೆದುರಿಗೆ ಕೂತರು. ಅವರು ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡೇ ಕೂಡುತ್ತಿದ್ದರು. ಕಟ್ಟೆಯ ಮೇಲೆ ಮಾವನವರಿರುತ್ತಾರಲ್ಲ, ಅವರು ಒಳಗೆ ಬಂದಾರೆಂದು ಮರ್ಯಾದೆಗೆ ಹಾಗೆ ಮಾಡುತ್ತಾರೆಂದು ನನ್ನ ಎಣಿಕೆ.

"ಯಾವುದು ತೊಡಕಾಗೈತಿ, ಮೊದಲ ಅದನ್ನ ತಗಿ" ಎಂದರು. ನನಗೆ ತೊಡಕಾಗಿದ್ದು ಯಾವುದು ಎಲ್ಲಿದೆ ಎಂದು ಹೇಳುವ ಆ ಸಣ್ಣ ಸಣ್ಣ ಮಾತುಗಳು. ಇನ್, ಆನ್, ಅಂಡರ್, ಬಿಹೈಂಡ್, ಲೆಫ್ಟ್, ರೈಟ್. ಪರೀಕ್ಷೆಯಲ್ಲಿ ಒಂದು ಚಿತ್ರ ಕೊಡುತ್ತಿದ್ದರು. ಕೋಣೆ, ಮಂಚ, ಮೇಜು, ಬೆಕ್ಕು ಇಂಥವು. ಯಾವುದು ಎಲ್ಲಿದೆ ಎಂದು ವಾಕ್ಯ ಬರೆಯಬೇಕು. ಕಳೆದ ಸಲ ನಾನು ಬೆಕ್ಕನ್ನು ಎಲ್ಲೆಲ್ಲಿ ಕೂಡಿಸಿದ್ದೆನೋ ಏನೋ.

ಪಾಠಕ್ಕೆ ಮೇಜು ಪೆಟ್ಟಿಗೆ ಎಲ್ಲಿಂದ ತರುವುದು? ಅತ್ತೆ ಜೋಳದ ಸೇರು ತಂದರು. ಜತೆಗೆ ಒಂದು ಉಳ್ಳಾಗಡ್ಡಿ. ನಾನು ಉಳ್ಳಾಗಡ್ಡಿಯನ್ನು ಸೇರಿನೊಳಗೆ ಹಾಕಿ "ಇನ್" ಎಂದೆ. ಅತ್ತೆ ತಲೆಯಾಡಿಸಿದರು. ಸೇರಿನ ಬಾಯಿಗೆ ತಟ್ಟೆ ಮುಚ್ಚಿ ಅದರ ಮೇಲಿಟ್ಟು "ಆನ್" ಎಂದೆ. ಅದೂ ಒಪ್ಪಿಗೆ. "ಅಂಡರ್" ತೋರಿಸಲೆಂದು ಸೇರನ್ನು ಎತ್ತಿ ಬೋರಲು ಹಾಕಿದೆನೋ ಇಲ್ಲವೋ, ಅತ್ತೆ ಹಾವು ಕಂಡವರಂತೆ ಚೀರಿದರು.

"ಏ ಹುಚ್ಚಿ! ಸೇರು ಬೋರಲು ಹಾಕ್ತಾರೇನ? ಮನಿ ಖಾಲಿ ಮಾಡ್ತಿಯೇನು?"

ಸೇರು ಲಕ್ಷ್ಮಿ. ಅದು ಬೋರಲು ಬಿದ್ದರೆ ಮನೆಯ ಕಾಳು ಮುಗಿಯಿತೆಂದು ಅರ್ಥ. ನಾನು ತವರಲ್ಲಿ ಅಂಗಡಿಯ ತಕ್ಕಡಿ ನೋಡಿ ಬೆಳೆದವಳು, ಒಕ್ಕಲು ಮನೆಯ ಈ ನಿಷೇಧ ತಿಳಿದಿರಲಿಲ್ಲ. ಅತ್ತೆ ಸೇರನ್ನು ನೆಟ್ಟಗೆ ಇಟ್ಟು, ಕಣ್ಣಿಗೊತ್ತಿಕೊಂಡು, ಹಾಲಿನ ಗಡಿಗೆಗೆ ಬೆಕ್ಕಿನ ಭಯಕ್ಕೆ ಮುಚ್ಚುತ್ತಿದ್ದ ಬುಟ್ಟಿಯನ್ನು ತಂದರು. ಅಲ್ಲಿಂದ ಮುಂದೆ ಅಂಡರ್ ಆಗಬೇಕಾದದ್ದೆಲ್ಲ ಬುಟ್ಟಿಯ ಕೆಳಗೇ ಆಯಿತು. ಮೇಲೆ ನೆಲುವಿನಲ್ಲಿ ಬೆಣ್ಣೆ ಗಡಿಗೆ ತೂಗುತ್ತಿತ್ತು. ಅದಕ್ಕೂ ಇಂಗ್ಲಿಷಿನಲ್ಲಿ ಆನ್ ಅನ್ನುತ್ತಾರೇನು ಎಂದು ಕೇಳಿದರು. ಅಲ್ಲ, ಅದು ಅಬವ್, ಮುಟ್ಟಿಕೊಂಡಿಲ್ಲವಲ್ಲ ಎಂದೆ. ಅತ್ತೆಗೆ ಅದು ಬಹಳ ಹಿಡಿಸಿತು. ಕೆಳಗೆ ಆಸೆಯಿಂದ ಕೂತಿದ್ದ ಬೆಕ್ಕಿಗೆ, "ನಿನಗ ಅದು ಯಾವಾಗ್ಲೂ ಅಬವ್ ನೋಡವಾ" ಎಂದರು.

ಜಗಳ ಶುರುವಾದದ್ದು ಬಿಹೈಂಡ್ ಬಂದಾಗ. ನಾನು ಉಳ್ಳಾಗಡ್ಡಿಯನ್ನು ಸೇರಿನ ಆಚೆಗೆ ಇಟ್ಟು, "ಇದು ಸೇರಿನ ಹಿಂದ" ಎಂದೆ.

"ಹಿಂದ ಎಲ್ಲೈತಿ? ನನ್ನ ಮುಂದ ಐತೆಲ್ಲ" ಎಂದರು ಅತ್ತೆ.

"ನಿಮಗ ಮುಂದ್ರಿ ಅತ್ತಿ. ಸೇರಿಗೆ ಹಿಂದ."

"ಎತ್ತಿಗೆ ಹಿಂದ ಮುಂದ ಐತಿ. ಮನಿಗೆ ಐತಿ, ಬಾಗಲ ಇದ್ದ ಕಡಿ ಮುಂದ. ಸೇರಿಗೆ ಮಾರಿ ಯಾವ ಕಡಿ ಐತವಾ? ಮಾರಿ ಇಲ್ಲದ್ದಕ್ಕ ಬೆನ್ನೆಲ್ಲಿಂದ ಬಂತು?"

ಪುಸ್ತಕ ತೆಗೆದು ನೋಡಿದೆ. ಅಲ್ಲಿ ಚೆಂಡು ಪೆಟ್ಟಿಗೆಯ ಹಿಂದೆ ಇತ್ತು. ಪೆಟ್ಟಿಗೆಯ ಮುಖದ ವಿಚಾರ ಬರೆದವರಿಗೆ ಹೊಳೆದಂತಿರಲಿಲ್ಲ. ಎರಡು ಸಂಜೆ ಇದೇ ವಾದ ನಡೆಯಿತು. ಕಟ್ಟೆಯ ಮೇಲಿಂದ ಮಾವ ಒಮ್ಮೆ ಕೆಮ್ಮಿ, "ಏನದು, ಸೇರಿನ ಕೂಡ ಜಗಳಾಡಾಕತ್ತೀರಿ?" ಎಂದರು. ಮೂರನೆಯ ಸಂಜೆ ಅತ್ತೆ ಕುಂಕುಮದ ಭರಣಿ ತಂದು, ಬೆರಳು ಅದ್ದಿ, ಸೇರಿನ ಹೊಟ್ಟೆಯ ಮೇಲೆ ಒಂದು ಬೊಟ್ಟಿಟ್ಟರು.

"ಈಗ ಮಾರಿ ಬಂತು. ಪಾಸಾಗಬೇಕಾದಾಕಿ ನೀ. ಇದರ ಮಾರಿ ನಿನ್ನ ಕಡೀನ ಇರ್ಲಿ. ನನ್ನ ಕಡಿ ಬೆನ್ನಿರ್ಲಿ, ನನಗೇನಾಗೂದೈತಿ."

ಅಂದಿನಿಂದ ಪಾಠ ಶುರುವಾಗುವ ಮೊದಲು ಅವರು ಸೇರನ್ನು ತಿರುಗಿಸಿ ಕುಂಕುಮ ನನ್ನ ಕಡೆ ಬಂದಿದೆಯೋ ಇಲ್ಲವೋ ನೋಡುತ್ತಿದ್ದರು. ನನಗೆ ಅವರ ಮೇಲೆ ಅಕ್ಕರೆ ಬಂದದ್ದು ಆ ದಿನಗಳಲ್ಲಿ. ಅದಕ್ಕೆ ಮೊದಲು ಇದ್ದದ್ದು ಸೊಸೆಯ ಅಂಜಿಕೆ ಮಾತ್ರ.

ಆದರೆ ಮುಖ ಬಂದ ಮೇಲೆ ಇನ್ನೊಂದು ತೊಡಕು ಹುಟ್ಟಿತು. ಸೇರಿಗೆ ಮಾರಿ ಇದೆಯೆಂದ ಮೇಲೆ ಕೈಗಳೂ ಇದ್ದಂತೆ. ಅದು ನನ್ನ ಕಡೆ ಮುಖ ಮಾಡಿ ಕೂತಿರುವುದರಿಂದ ಅದರ ಎಡಗೈ ನನ್ನ ಬಲಕ್ಕೆ ಬರುತ್ತದೆ. ಅತ್ತೆ ಇದನ್ನು ಕೈ ಎತ್ತಿ ತೋರಿಸಿಕೊಟ್ಟರು. ನಾನು ಲೆಫ್ಟ್ ಎಂದು ಉಳ್ಳಾಗಡ್ಡಿ ಇಟ್ಟ ಕಡೆಯನ್ನು ಅವರು ಬಲವೆನ್ನುವರು. ಅವರದೂ ಅದೇ ಬಲ, ಸೇರಿನದೂ ಅದೇ ಬಲ. ನಾನೊಬ್ಬಳು, ಅವರಿಬ್ಬರು. ತಲೆ ಚಿಟ್ಟು ಹಿಡಿದು ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ಮೂಡಲಕ್ಕೆ ಮುಖ ಮಾಡಿ ಕೂತರೆ ನಮ್ಮ ಮನೆಯಲ್ಲಿ ಬಡಗಲಕ್ಕೆ ದನದ ಗೋದಲಿ, ತೆಂಕಲಕ್ಕೆ ಅಡಿಗೆಮನೆ. ಲೆಫ್ಟ್ ಅಂದರೆ ಗೋದಲಿಯ ಕಡೆ, ರೈಟ್ ಅಂದರೆ ಅಡಿಗೆಮನೆಯ ಕಡೆ. ಕೈಗಳ ಗೊಡವೆಯೇ ಬೇಡ.

ಅತ್ತೆ ಕೂಡಲೇ ಒಪ್ಪಿದರು. ಇದು ನಾಲ್ಕು ಜನಕ್ಕೆ ತಿಳಿಯುವ ಮಾತು ಎಂದರು. ನಾವಿಬ್ಬರೂ ಭೇಷಾಗಿ ಮುಂದೆ ಸಾಗಿದೆವು. ಮನೆಯಲ್ಲಿ ಇಂಗ್ಲಿಷು ಹರಿದಾಡತೊಡಗಿತು. ಮಾವ "ನನ್ನ ಚಷ್ಮಾ ಎಲ್ಲೈತಿ?" ಎಂದರೆ ಅತ್ತೆ ಒಳಗಿನಿಂದ "ಇನ್ ಮಾಡ!" ಎನ್ನುವರು. ಗೋಡೆಯ ಮಾಡದಲ್ಲಿದೆ ಎಂದು ಅದರ ಅರ್ಥ. ಮಾವ ಮುಖ ಗಂಟು ಹಾಕಿಕೊಂಡೇ ಮಾಡಕ್ಕೆ ಕೈ ಹಾಕುವರು. ಪಾಠದ ಉಳ್ಳಾಗಡ್ಡಿ ಮೊಳಕೆಯೊಡೆದು ಹಸಿರು ಬಾಲ ಬಿಟ್ಟಿತು. ಅತ್ತೆ ಬೇರೆ ತಂದಿಟ್ಟರು. ಅದೂ ಮೊಳೆಯುವ ಹೊತ್ತಿಗೆ ಅಕ್ಟೋಬರ್ ಪರೀಕ್ಷೆ ಬಂತು.

ಪರೀಕ್ಷೆ ಬಸವನ ಬಾಗೇವಾಡಿಯಲ್ಲಿ. ಅತ್ತೆ ತಾವೇ ಬರುತ್ತೇನೆಂದು ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದರು. ಮಾವ ಕಟ್ಟೆಯ ಮೇಲೆ ಕೂತೇ ಇದ್ದರು, ಹೋಗಿಬರುತ್ತೇವೆಂದರೆ "ಹೂಂ" ಎಂದರು. ಆ ಹೂಂ ಇಡೀ ದಾರಿ ನಮ್ಮ ಜತೆ ಬಸ್ಸಿನಲ್ಲಿ ಬಂತು. ಒಮ್ಮೆ ಕಟ್ಟಲಿ ಎಂದಿದ್ದರಲ್ಲ, ಅದು ಇದೇ ಒಮ್ಮೆ. ಅತ್ತೆ ಶಾಲೆಯ ಅಂಗಳದ ಬೇವಿನ ಗಿಡದ ಕೆಳಗೆ ಬುತ್ತಿಯ ಗಂಟು ಇಟ್ಟುಕೊಂಡು ಕೂತರು. ನಾನು ಒಳಗೆ ಹೋದೆ.

ಪ್ರಶ್ನೆಪತ್ರಿಕೆ ಕೈಗೆ ಬಂತು. ಚಿತ್ರ ಇತ್ತು! ಕೋಣೆ, ಮಂಚ, ಮೇಜು, ಅದರ ಮೇಲೆ ದೀಪ, ಮಂಚದ ಕೆಳಗೆ ಬೆಕ್ಕು. ಇನ್ನು ಮಂಚದ ಆ ಕಡೆ ಈ ಕಡೆ ಏನೇನೋ. ಆನ್, ಅಂಡರ್, ಬಿಹೈಂಡ್ ಸರಸರ ಬರೆದೆ. ಲೆಫ್ಟ್ ರೈಟ್ ಬಂದಾಗ ಕೈ ನಿಂತಿತು. ಗೋದಲಿ ಯಾವ ಕಡೆ? ತಲೆಯೆತ್ತಿ ಕಿಟಕಿಯ ಬಿಸಿಲು ನೋಡಿದೆ. ಆ ಪರೀಕ್ಷೆಯ ಹಾಲಿನಲ್ಲಿ ಕರಿಹಲಗೆ ಇದ್ದದ್ದು ಪಡುವಲ ಗೋಡೆಗೆ. ನಮ್ಮೆಲ್ಲರನ್ನೂ ಪಡುವಲಕ್ಕೆ ಮುಖ ಮಾಡಿ ಕೂಡಿಸಿದ್ದರು.

ಗೋದಲಿ ನನ್ನ ಬಲಗೈಯ ಕಡೆ ಬಂದಿತ್ತು. ಅಡಿಗೆಮನೆ ಎಡಕ್ಕೆ ಹೋಗಿತ್ತು. ಹಾಗಾದರೆ ಚಿತ್ರದ ಮೇಜು ಈಗ ಲೆಫ್ಟೋ ರೈಟೋ? ಗೋದಲಿಯನ್ನು ಹಿಡಿದರೆ ಒಂದು, ನನ್ನ ಕೈಯನ್ನು ಹಿಡಿದರೆ ಇನ್ನೊಂದು. ಮನಸ್ಸಿನಲ್ಲಿ ಮನೆಯನ್ನು ತಿರುಗಿಸಲು ನೋಡಿದೆ. ಎಮ್ಮೆ, ಗೋದಲಿ, ಒಲೆ, ಅತ್ತೆ ಎಲ್ಲ ಗರಗರ ತಿರುಗಿದವು, ನಿಲ್ಲಲಿಲ್ಲ. ಬೆವರು ಹಣೆಯಿಂದ ಉತ್ತರದ ಹಾಳೆಗೆ ಇಳಿಯಿತು. ಮನೆ ತಿರುಗುವುದಿಲ್ಲವಾದರೆ ನಾನಾದರೂ ತಿರುಗೋಣವೆಂದು ಬೆಂಚಿನ ಮೇಲೆ ಪೂರಾ ಹೊರಳಿ, ಮೂಡಲಕ್ಕೆ ಮುಖ ಮಾಡಿ, ಪ್ರಶ್ನೆಪತ್ರಿಕೆಯನ್ನು ಹಿಂದಿನ ಬೆಂಚಿನ ಅಂಚಿಗೆ ಇಟ್ಟುಕೊಂಡು ಚಿತ್ರ ನೋಡತೊಡಗಿದೆ.

ಹಿಂದಿನ ಬೆಂಚಿನಲ್ಲಿ ಸಿಂದಗಿ ಕಡೆಯ ಒಬ್ಬ ಹುಡುಗಿ ಕೂತಿದ್ದಳು. ಅವಳು ಬೆಚ್ಚಿಬಿದ್ದು ತನ್ನ ಹಾಳೆಯನ್ನು ಎದೆಗವಚಿಕೊಂಡಳು.

"ಏ! ಯಾರದು? ಹಿಂದ ಹೊಳ್ಳಿ ಏನ ನೋಡಾಕತ್ತಿ?"

ಮೇಲ್ವಿಚಾರಣೆಗೆ ಬಂದವರು ಇಂಡಿ ತಾಲೂಕಿನ ಒಬ್ಬ ಮಾಸ್ತರು. ದಪ್ಪ ಮೀಸೆ, ದಪ್ಪ ದನಿ. ಬಂದವರೇ ನನ್ನ ಹಾಳೆ ಕಿತ್ತುಕೊಂಡರು. ಹುಡುಗಿ ಅಳಲು ಶುರುಮಾಡಿದಳು. "ನಾ ಏನೂ ತೋರ್ಸಿಲ್ರಿ ಸರ್, ನಾ ಏನೂ ಮಾಡಿಲ್ರಿ!" ಹೊರಗೆ ಬೇವಿನ ಗಿಡದ ಕೆಳಗೆ ಅತ್ತೆ ಕೂತಿದ್ದು ಕಿಟಕಿಯಲ್ಲಿ ಕಾಣುತ್ತಿತ್ತು. ಅವರ ಮರ್ಯಾದೆ ಈಗ ಆ ಮಾಸ್ತರ ಕೈಯಲ್ಲಿತ್ತು.

"ಆಕೀದು ನೋಡಿಲ್ರಿ ಸರ್. ಮೂಡಲಕ್ಕ ಮಾರಿ ಮಾಡಿದ್ನಿರಿ."

"ಯಾಕ? ಮೂಡಲದಾಗ ಉತ್ತರ ಬರದಿಟ್ಟಾರೇನು?"

ಹಾಲಿನಲ್ಲಿ ಕಿಸಿಕಿಸಿ ನಗು. ನಾಚಿಕೆ ಬಿಟ್ಟು ಒಂದೇ ಉಸಿರಿನಲ್ಲಿ ಹೇಳಿದೆ. "ನಮ್ಮ ಮನ್ಯಾಗ ಮೂಡಲಕ್ಕ ಮಾರಿ ಮಾಡಿ ಕಲ್ತೇನ್ರಿ. ಲೆಫ್ಟ್ ಅಂದ್ರ ಗ್ವಾದ್ಲಿ ಕಡಿ, ರೈಟ್ ಅಂದ್ರ ಅಡಗಿಮನಿ ಕಡಿ. ಇಲ್ಲಿ ಪಡುವಲಕ್ಕ ಕುಂಡ್ರಿಸೀರಿ. ಗ್ವಾದ್ಲಿ ಈ ಕಡಿ ಬಂದೈತ್ರಿ. ನನಗ ತಿಳೀವಲ್ದು."

ಹೇಳುತ್ತ ಹೇಳುತ್ತ ಅಳು ಬಂತು. ಮಾಸ್ತರು ನನ್ನ ಹಾಳೆ ನೋಡಿದರು. ಆಮೇಲೆ ಹಿಂದಿನ ಹುಡುಗಿಯ ಹಾಳೆ ಇಸಿದುಕೊಂಡು ನೋಡಿದರು. ಪಾಪ, ಅವಳು ಚಿತ್ರದ ಪ್ರಶ್ನೆಯನ್ನು ಇನ್ನೂ ಮುಟ್ಟಿರಲೇ ಇಲ್ಲ. ಅಲ್ಲಿ ಕದಿಯಲು ಏನೂ ಇರಲಿಲ್ಲ. ಅವರು ಇಬ್ಬರ ಹಾಳೆಗಳನ್ನೂ ತಿರುಗಿ ಕೊಟ್ಟರು.

"ಮನ್ಯಾಗ ಕಲಿಸಿದವರ್ಯಾರು?"

"ನಮ್ಮ ಅತ್ತೀರಿ. ಹೊರಗ ಕುಂತಾರ."

ಮಾಸ್ತರು ಕಿಟಕಿಯಿಂದ ಹೊರಗೆ ನೋಡಿದರು. ಮುಂದೆ ಹೋಗಿ ಕರಿಹಲಗೆಯ ಮುಂದಿದ್ದ ತಮ್ಮ ಮೇಜಿನ ಮೇಲಿನ ಕಾಗದಗಳನ್ನು ಬದಿಗೆ ಸರಿಸಿದರು.

"ಬಾ ಇಲ್ಲೆ. ನನ್ನ ಕುರ್ಚಿ ಮ್ಯಾಲ ಕುಂಡ್ರು. ಈ ಕುರ್ಚಿ ಮೂಡಲಕ್ಕ ಮಾರಿ ಮಾಡೈತಿ. ನೀ ಯಾರನ್ನೂ ನೋಡೂದು ಬ್ಯಾಡ, ನಿನ್ನ ಯಾರೂ ನೋಡೂದು ಬ್ಯಾಡ. ಲಗೂನ ಬರಿ."

ಹಾಗೆ ಎಸ್ಸೆಸ್ಸೆಲ್ಸಿ ಪಾಸಾಗದ ನಾನು ಮಾಸ್ತರ ಕುರ್ಚಿಯ ಮೇಲೆ, ಇಡೀ ಹಾಲಿಗೆ ಎದುರಾಗಿ ಕೂತೆ. ಗೋದಲಿ ತನ್ನ ಜಾಗಕ್ಕೆ ಬಂತು. ಅಡಿಗೆಮನೆ ತನ್ನ ಜಾಗಕ್ಕೆ ಬಂತು. ಗಂಟೆ ಹೊಡೆಯುವ ತನಕ ಮಾಸ್ತರು ನಿಂತೇ ಇದ್ದರು. ಸೀರೆಯ ನಿರಿಗೆಯನ್ನು ಒಮ್ಮೆ ಸರಿಪಡಿಸಿಕೊಂಡೆ ಎಂದು ಹೇಳಿದರೆ ನೀವು ನಗಬಾರದು.

ಹೊರಗೆ ಬಂದಾಗ ಅತ್ತೆ ಎದ್ದು ನಿಂತರು. ಪೇಪರು ಹೇಗಾಯಿತೆಂದು ಕೇಳಲಿಲ್ಲ.

"ಯಾವ ಕಡಿ ಮಾರಿ ಮಾಡಿ ಕುಂತಿದ್ದಿ?"

"ಮೂಡಲಕ್ರಿ."

"ಹಂಗಾದ್ರ ಆತು ಬಿಡು" ಎಂದು ಬುತ್ತಿ ಬಿಚ್ಚಿದರು. ಕುರ್ಚಿಯ ಕತೆ ಹೇಳಿದ ಮೇಲೆ ಅವರು ನಕ್ಕ ನಗೆಗೆ ಗಿಡದ ಮೇಲಿನ ಕಾಗೆ ಹಾರಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಗುರುತಿದ್ದವರಿಗೂ ಇಲ್ಲದವರಿಗೂ "ನಮ್ಮ ಸೊಸಿ ಮಾಸ್ತರ ಕುರ್ಚಿ ಮ್ಯಾಲ ಕುಂತು ಪರೀಕ್ಷಾ ಬರದ್ಳ್ರಿ" ಎಂದು ಹೇಳಿದರು.

ಪಾಸಾದೆ. ಬೀಗುವಂಥ ಅಂಕಗಳೇನಲ್ಲ, ಗೆರೆ ದಾಟುವಷ್ಟು. ಫಲಿತಾಂಶ ತಿಳಿದ ಸಂಜೆ ಮಾವ ಪಡಸಾಲೆಯಲ್ಲಿ ನಿಂತು ಸೇರನ್ನೂ ಅದರ ಪಕ್ಕದಲ್ಲಿ ಬಾಲ ಬಿಟ್ಟುಕೊಂಡು ಕೂತಿದ್ದ ಉಳ್ಳಾಗಡ್ಡಿಯನ್ನೂ ನೋಡಿದರು. "ಇನ್ನರೆ ಅದನ್ನ ಸಾರಿಗೆ ಹಾಕ್ರಿ" ಎಂದರು. ಟ್ರೇನಿಂಗಿಗೆ ಹೋಗಬಹುದೇ ಎಂದು ಆಮೇಲೆ ಯಾರೂ ಕೇಳಲಿಲ್ಲ. ಅವರ ಒಪ್ಪಿಗೆಗಳು ಹಾಗೇ ಇರುತ್ತಿದ್ದವು, ಹುಡುಕಿಕೊಳ್ಳಬೇಕು.

ಟ್ರೇನಿಂಗ್ ಮುಗಿದು ನನಗೆ ಮೊದಲ ನೌಕರಿ ಸಿಂದಗಿ ತಾಲೂಕಿನ ದೇವಣಗಾಂವದಲ್ಲಿ ಸಿಕ್ಕಿತು. ಹೊರಡುವಾಗ ಅತ್ತೆ ಸೇರಿಗೆ ಹೊಸದಾಗಿ ಕುಂಕುಮದ ಬೊಟ್ಟಿಟ್ಟು ನನ್ನ ಟ್ರಂಕಿನಲ್ಲಿ ಇಟ್ಟರು. ಒಕ್ಕಲು ಮನೆಯ ಸೇರು ಹೊಸ್ತಿಲು ದಾಟಬಾರದೆಂದು ನೆರೆಯವರು ಅಂದರೆ, "ಅದು ಕಾಳಿನ ಸೇರಲ್ಲ, ಸಾಲಿ ಸೇರು. ಕಾಳಿಗೆ ಬ್ಯಾರೆ ತರಿಸೇನಿ" ಎಂದರು. ಮನೆ ಹೂಡಲು ತಾವೂ ಜತೆಗೆ ಬಂದರು. ನಮ್ಮವರು ಸಾಮಾನು ಇಳಿಸಿ ಮರುದಿನ ಹೊಲದ ಕೆಲಸಕ್ಕೆಂದು ಊರಿಗೆ ಹೋದರು. ಅತ್ತೆ ಉಳಿದರು.

ಶಾಲೆಗೆ ಹೋದ ಮೊದಮೊದಲ ದಿನಗಳಲ್ಲೇ ಒಂದು ಸಂಜೆ ಇಂಗ್ಲಿಷ್ ಪಾಠ ತೆಗೆದೆ. ಮೇಜಿನ ಮೇಲೆ ಸೇರು, ಉಳ್ಳಾಗಡ್ಡಿ. ಮಕ್ಕಳು ಮೂಡಲಕ್ಕೆ ಮುಖ ಮಾಡಿ 'ಇನ್', 'ಆನ್' ಎಂದು ಕೂಗುತ್ತಿದ್ದರು. ಲೆಫ್ಟ್ ಎಂದು ನಾನು ಕೈ ತೋರಿಸಿದರೆ ಅವರೆಲ್ಲ ನನ್ನ ಬಲಗಡೆಗೆ ಕೈ ಮಾಡುತ್ತಿದ್ದರು. ಮತ್ತೆ ಅದೇ ಗೊಂದಲ. ಸಾಲದ್ದಕ್ಕೆ ಮಕ್ಕಳ ಬೆನ್ನ ಹಿಂದಿನ ಕಿಟಕಿಯಿಂದ ಇಳಿಬಿಸಿಲು ನೆಟ್ಟಗೆ ನನ್ನ ಕಣ್ಣಿಗೆ ಹೊಡೆಯುತ್ತಿತ್ತು. ಒಂದು ಮುಖವೂ ಕಾಣದು. ಕಣ್ಣು ಕಿರಿದು ಮಾಡಿಕೊಂಡು, ನೀರು ಸುರಿಸಿಕೊಂಡು ನಿಂತಿದ್ದೆ.

ನನ್ನನ್ನು ಕರೆದೊಯ್ಯಲು ಬಂದ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಬರಲು ಅವರಿಗೆ ಸಂಕೋಚ. ಮೆಲ್ಲಗೆ ಕರೆದರು.

"ಗಿರಿಜಾ, ಸೆರಗ ಮುಂದಕ್ಕ ಎಳ್ಕೊ. ಹುಬ್ಬಿನ ತನಾ. ಪಡುವಲಕ್ಕ ಮಾರಿ ಮಾಡಿ ಕುಂತ್ರ ಸಂಜಿಮುಂದ ಬಿಸಲ ಕಣ್ಣಾಗ ಬಡಿತೈತಿ. ನಾ ಹಂಗ ಮಾಡ್ತಿದ್ನೆಲ್ಲ."

ನಾನು ಅವರನ್ನು ನೋಡಿದೆ. ಗೊಳಸಂಗಿಯ ಪಡಸಾಲೆ, ತೆರೆದ ಹಿತ್ತಲ ಬಾಗಿಲು, ನನ್ನ ಬೆನ್ನಿಗೆ ಬೆಚ್ಚಗೆ ಬೀಳುತ್ತಿದ್ದ ಬಿಸಿಲು ಎಲ್ಲ ನೆನಪಾದವು. ಅಷ್ಟು ತಿಂಗಳು ಆ ಬಿಸಿಲನ್ನು ಕಣ್ಣಿಗೆ ತೆಗೆದುಕೊಂಡು ಅವರು ನನ್ನೆದುರಿಗೆ ಕೂತಿದ್ದರು. ಒಂದು ದಿನ ಬಾಗಿಲು ಹಾಕೆಂದು ಹೇಳಿರಲಿಲ್ಲ, ಹಾಕಿದರೆ ನನ್ನ ಪುಸ್ತಕಕ್ಕೆ ಬೆಳಕು ಸಾಲುತ್ತಿರಲಿಲ್ಲ. ಮಕ್ಕಳು ನನ್ನನ್ನೇ ನೋಡುತ್ತಿದ್ದರು.

ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡೆ. ಮೇಜಿನ ಮೇಲಿನ ಸೇರನ್ನು ತಿರುಗಿಸಿ, ಕುಂಕುಮದ ಬೊಟ್ಟು ಮಕ್ಕಳ ಕಡೆ ಮಾಡಿ ಇಟ್ಟೆ.